ಅಚ್ಚಿಗೆ ಹೋದ ಪುಸ್ತಕ, ಉಳಿದ ಋಣ

ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು 1952ರಿಂದ 1987ರವರೆಗೆ ಅಧ್ಯಕ್ಷರಾಗಿ ಮುನ್ನಡೆಸಿದ ಕಥೋಲಿಕ ಗುರು ಫಾದರ್ ಥಿಯೋಡೋರ್ ಹೆಸ್‌ಬರ್ಗ್ ಅವರನ್ನು ಕುರಿತ ನನ್ನ ಪುಸ್ತಕ ಕಳೆದ ವಾರ ಅಚ್ಚಿಗೆ ಹೋಯಿತು. ಈ ನಡುವೆ ನನ್ನ ಕಣ್ಣಿನ ದೃಷ್ಟಿ ಮಂದವಾಗಿ, ನಾನೇ ಓದಲಾರದಂತಾದೆ. ಆಕರಗಳನ್ನು ಹುಡುಕಿಕೊಟ್ಟ ಗ್ರಂಥಪಾಲಕರಿಗೆ, ಎರಡು ಬಾರಿ ಗಡುವು ಮುಂದೂಡಿದ ಪ್ರಕಾಶಕರಿಗೆ, ಧರ್ಮಸಭೆಯ ಪರಿಭಾಷೆಯನ್ನು ತಿದ್ದಿದ ಗುರುಗಳಿಗೆ ನಾನು ಋಣಿ.

ತಮ್ಮನ ಮಗಳ ಋಣ ಮಾತ್ರ ಒಂದು ವಾಕ್ಯದಲ್ಲಿ ತೀರುವಂಥದ್ದಲ್ಲ. ಕರಡು ಹಿಂತಿರುಗಿಸಬೇಕಾದ ಹಿಂದಿನ ರಾತ್ರಿ, ಅಕ್ಷರಗಳೆಲ್ಲ ಇರುವೆಸಾಲಿನಂತೆ ಕಲಸಿಹೋಗಿ ನಾನು ಕೈಚೆಲ್ಲಿದಾಗ, ಅವಳು ಕೆಂಪು ಪೆನ್ನು ಹಿಡಿದು ಕುಳಿತು ಉಳಿದಿದ್ದ ಎಂಬತ್ತು ಪುಟಗಳನ್ನು ಅಲ್ಪವಿರಾಮವನ್ನೂ ಬಿಡದೆ ಓದತೊಡಗಿದಳು.

1969ರ ಪತ್ರದ ಪ್ರಸಂಗ ಬಂದಾಗ ಓದು ನಿಂತಿತು. ಪ್ರತಿಭಟನೆಯಲ್ಲಿ ಬಲಪ್ರಯೋಗಿಸುವ ಅಥವಾ ಇತರರ ಹಕ್ಕಿಗೆ ಅಡ್ಡಿಪಡಿಸುವ ವಿದ್ಯಾರ್ಥಿಗಳಿಗೆ ಯೋಚಿಸಲು ಹದಿನೈದು ನಿಮಿಷ, ಆಮೇಲೆ ಶಿಸ್ತುಕ್ರಮ ಎಂದು ಫಾದರ್ ಅದರಲ್ಲಿ ಎಚ್ಚರಿಸಿದ್ದರು. “ದೊಡ್ಡಪ್ಪ, 1964ರಲ್ಲಿ ಶಿಕಾಗೋದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೈ ಹಿಡಿದು ನಿಂತದ್ದಕ್ಕೆ ಆರು ಪುಟ, ಇದಕ್ಕೆ ಎರಡೇ ಸಾಲೇ?” ಎಂದಳು. ನಾನು ರೇಗಿದೆ, ಆಡಬಾರದ ಮಾತನ್ನೂ ಆಡಿದೆ. ಅವಳು ಪೆನ್ನು ಕೆಳಗಿಟ್ಟಳು, ಆದರೆ ಎದ್ದು ಹೋಗಲಿಲ್ಲ. ಎರಡು ಗಂಟೆ ದಾಟಿದ ಮೇಲೆ ನಾನು ಹೇಳುತ್ತಾ ಹೋದೆ, ಅವಳು ಬರೆದುಕೊಂಡಳು: ಒಂದೂವರೆ ಪುಟ. ಪುಸ್ತಕದಲ್ಲಿ ನನಗೆ ಈಗ ನಂಬಿಕೆಯಿರುವುದು ಆ ಭಾಗದ ಮೇಲೆಯೇ.

ಇಳಿವಯಸ್ಸಿನಲ್ಲಿ ಫಾದರ್ ಅವರ ದೃಷ್ಟಿ ಮಂದವಾಗಿ, ವಿದ್ಯಾರ್ಥಿಗಳು ಬಂದು ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. ಕಣ್ಣು ಚೆನ್ನಾಗಿದ್ದ ದಿನಗಳಲ್ಲಿ ಇದನ್ನು ನಾನು ಅಂದವಾದ ವಿವರವೆಂದಷ್ಟೇ ಬರೆದಿದ್ದೆ. ಅವಳ ಬಾಯಲ್ಲಿ ಆ ಸಾಲು ಕೇಳಿದಾಗ, ನನ್ನ ಪುಸ್ತಕವನ್ನು ನಾನೇ ಓದಲಾರೆನೆಂಬುದು ಮೊದಲ ಸಲ ಪೂರ್ತಿ ಅರ್ಥವಾಗಿ ಅತ್ತುಬಿಟ್ಟೆ. ಅವಳು ಸುಮ್ಮನೆ ಕಾದು, ಅದೇ ಸಾಲನ್ನು ಮತ್ತೆ ಓದಿ ಮುಂದುವರಿಸಿದಳು.

ನಾಗರಿಕ ಹಕ್ಕುಗಳ ಆಯೋಗದಿಂದ ಫಾದರ್ ಹೊರಬಂದದ್ದೂ ಪದವಿ ತರಗತಿಗಳಿಗೆ ವಿದ್ಯಾರ್ಥಿನಿಯರು ಬಂದದ್ದೂ 1972 ಎಂದಿದ್ದುದನ್ನು ಕಂಡು, ಒಂದು ಅಚ್ಚಿನ ತಪ್ಪಿರಬೇಕೆಂದು ಬೆಳಗಿನ ಜಾವ ನಾನು ಪರಿಶೀಲಿಸುವಂತೆ ಮಾಡಿದವಳೂ ಅವಳೇ. ಎರಡೂ ಸರಿಯಿದ್ದವು.

ಪ್ರತಿ ಬಂದ ದಿನ ಮೊದಲ ಪುಟದಿಂದ ಓದಿ ಹೇಳುತ್ತಾಳಂತೆ. ತಪ್ಪು ಸಿಕ್ಕರೆ ಮಾತ್ರ ಹೇಳುವುದಿಲ್ಲವಂತೆ.