ಈ ವಾರ ಕೇಳುವುದು: ಚಿಚೆಸ್ಟರ್ ಸಾಮ್ಸ್

ಎಲ್ಲರಿಗೂ ನಮಸ್ಕಾರ. ಈ ಸಲ ಅಮೆರಿಕದ ಸಂಯೋಜಕ ಲೆನರ್ಡ್ ಬರ್ನ್‌ಸ್ಟೈನ್ ಅವರ 1965ರ ಕೋರಲ್ (ಗಾಯಕವೃಂದದ) ಕೃತಿ ಕೇಳೋಣ. ಸುಮಾರು 20 ನಿಮಿಷ, ಮೂರು ಭಾಗ. ಇಂಗ್ಲೆಂಡಿನ ಚಿಚೆಸ್ಟರ್ ಕ್ಯಾಥೆಡ್ರಲ್‌ಗಾಗಿ ಅಲ್ಲಿನ ಡೀನ್ (ಮುಖ್ಯ ಪಾದ್ರಿ) ವಾಲ್ಟರ್ ಹಸ್ಸಿ ಬರೆಸಿದ್ದು. ಬರ್ನ್‌ಸ್ಟೈನ್ ಅವರದೇ ಸಂಗೀತ ನಾಟಕ 'ವೆಸ್ಟ್ ಸೈಡ್ ಸ್ಟೋರಿ'ಯ ಛಾಯೆ ಸ್ವಲ್ಪ ಇದ್ದರೂ ನಮಗೆ ಖುಷಿಯೇ ಎಂದು ಹಸ್ಸಿಯವರೇ ಹೇಳಿದ್ದರಂತೆ! ಕ್ರೈಸ್ತ ಚರ್ಚಿಗಾಗಿ ಬರೆದ ಕೃತಿ, ಆದರೆ ಹಾಡುವುದು ಬೈಬಲ್‌ನ ಕೀರ್ತನೆಗಳನ್ನು (ಸಾಮ್ಸ್), ಅದೂ ಹೀಬ್ರೂ ಭಾಷೆಯಲ್ಲಿ.

ಮೊದಲ ಭಾಗದಲ್ಲಿ 100ನೇ ಕೀರ್ತನೆ ಶುರುವಾದಾಗ ಎಣಿಸಿ ನೋಡಿ, 7 ಬೀಟ್. ಮಿಶ್ರ ಛಾಪು ಗೊತ್ತಿರುವವರ ಕಾಲು ತಾನಾಗಿ ಆಡುತ್ತದೆ, ಅಲ್ವಾ?

ನನಗೆ ಜಾಸ್ತಿ ಇಷ್ಟ ಎರಡನೇ ಭಾಗ. ಹಾರ್ಪ್ ಜೊತೆ ಒಬ್ಬ ಹುಡುಗ 23ನೇ ಕೀರ್ತನೆ, 'ಯೆಹೋವನು ನನ್ನ ಕುರುಬನು', ಹಾಡುತ್ತಾನೆ. ಈ ಸೋಲೊ ಹುಡುಗನದ್ದು, ಇಲ್ಲವೇ ಕೌಂಟರ್‌ಟೆನರ್‌ದ್ದೇ (ಹೆಣ್ಣು ಧ್ವನಿಯಷ್ಟು ಎತ್ತರದಲ್ಲಿ ಹಾಡುವ ಗಂಡಸು) ಆಗಬೇಕು ಎಂಬುದು ಸಂಯೋಜಕರ ಷರತ್ತು. ಆಮೇಲೆ ಮಹಿಳೆಯರ ಧ್ವನಿ ಸೇರುತ್ತದೆ. ಅಷ್ಟರಲ್ಲಿ ಗಂಡಸರು 2ನೇ ಕೀರ್ತನೆಯ ಸಿಟ್ಟಿನ ಸಾಲುಗಳೊಂದಿಗೆ ನುಗ್ಗುತ್ತಾರೆ: ಜನಾಂಗಗಳು ಯಾಕೆ ದೊಂಬಿ ಎಬ್ಬಿಸುತ್ತಿವೆ? ಈ ಗಂಡಸರ ರಾಗ 'ವೆಸ್ಟ್ ಸೈಡ್ ಸ್ಟೋರಿ'ಯಿಂದ ಕೈಬಿಟ್ಟ ತುಣುಕು. ಶಾಂತ ರಾಗ ಮತ್ತೆ ಮೇಲೇಳುತ್ತದೆ, ಆದರೆ ಗಲಾಟೆ ಪೂರ್ತಿ ಅಡಗುವುದಿಲ್ಲ.

ಮೂರನೆಯದು ಸ್ಟ್ರಿಂಗ್ಸ್‌ನಿಂದ (ತಂತಿವಾದ್ಯಗಳಿಂದ) ಕಟುವಾಗಿ ಶುರುವಾಗಿ 10 ಬೀಟ್‌ಗಳ ಜೋಗುಳದಂಥ ನಡಿಗೆಗೆ ಇಳಿಯುತ್ತದೆ.

ಆರ್ಕೆಸ್ಟ್ರಾದಲ್ಲಿ ಕೊಳಲು, ಕ್ಲಾರಿನೆಟ್ ಯಾವುದೂ ಇಲ್ಲ. ಆರ್ಗನ್, ಹಾರ್ಪ್, ತಾಳವಾದ್ಯ ಮಾತ್ರ ಇರುವ ಚಿಕ್ಕ ಆವೃತ್ತಿಯೂ ಸಿಗುತ್ತದೆ. ಎರಡನ್ನೂ ಕೇಳಿ. ಫೋನ್ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಭಾನುವಾರ ಸಂಜೆಯೊಳಗೆ ಅನಿಸಿದ್ದನ್ನು ಇಲ್ಲೇ ಬರೆಯಿರಿ. ಸುಮ್ನೆ ಥಂಬ್ಸ್ ಅಪ್ ಹಾಕಬೇಡಿ.