ನಾಲ್ಕನೇ ವರ್ಷದ ರಿಪೇರಿ ಯಾರ ತಲೆ ಮೇಲೆ?

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ಸಂಭ್ರಮ ಕೇಳಿ ಖುಷಿಯಾಯಿತು. ಆಫೀಸಿನವರೇ ಲೀಸ್‌ನಲ್ಲಿ ಕಾರು ಕೊಡಿಸುತ್ತಾರೆ, ಬಾಡಿಗೆ ಸಂಬಳದಲ್ಲೇ ಕಟ್ ಆಗುತ್ತದೆ, ಟ್ಯಾಕ್ಸ್ ಕೂಡ ಉಳಿಯುತ್ತದೆ ಅಂದೆ. ಎಲ್ಲ ಸರಿ. ಆದರೆ ಫೋನ್ ಇಡುವಾಗ "ಹೊಸ ಕಾರು ಚಿಕ್ಕಪ್ಪ, ವಾರಂಟಿ ಇದೆ, ರಿಪೇರಿ ಚಿಂತೆನೇ ಇಲ್ಲ" ಅಂದೆಯಲ್ಲ, ಆ ಮಾತು ತಲೆಯಲ್ಲೇ ಉಳಿದುಬಿಟ್ಟಿತು. ಯಾಕೆಂದರೆ ನಾನೂ ಒಂದು ಕಾಲದಲ್ಲಿ ಅದನ್ನೇ ನಂಬಿದ್ದೆ.

ನಮ್ಮ ಬಿಳಿ ಕಾರು ನಿನಗೆ ನೆನಪಿದೆ ಅಲ್ವಾ? ಅದೂ ಲೀಸ್ ಕಾರೇ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಗೆ ಬಂದ ಮಳೆ. ನಮ್ಮ ಬೇಸ್‌ಮೆಂಟಿಗೂ ನೀರು ನುಗ್ಗಿತು. ನೀರು ಇಳಿದ ಮೇಲೆ ನೋಡಿದರೆ ಕಾರು ಹೊರಗಿನಿಂದ ಚೆನ್ನಾಗಿಯೇ ಇತ್ತು, ಆಫೀಸಿಗೆ ಬೇರೆ ಹೊತ್ತಾಗಿತ್ತು, ಸ್ಟಾರ್ಟ್ ಮಾಡಿದೆ. ಟಕ್ ಅಂತ ಒಂದು ಸದ್ದು, ಅಷ್ಟೇ. ಸಿಲಿಂಡರ್ ಒಳಗೆ ಗಾಳಿ ಇದ್ದರೆ ಪಿಸ್ಟನ್ ಒತ್ತಿದಾಗ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿ ಹೋಗಿತ್ತು.

ವರ್ಕ್‌ಶಾಪ್‌ನವರು, ಇದು ಕಾರಿನ ದೋಷ ಅಲ್ಲ ಸಾರ್, ವಾರಂಟಿಗೆ ಬರಲ್ಲ ಅಂದರು. ಇನ್ಶೂರೆನ್ಸ್ ಸರ್ವೇಯರ್ ಬಂದು, ನೀರು ಹೋದ ಎಂಜಿನ್ ಸ್ಟಾರ್ಟ್ ಮಾಡಿದ್ದಕ್ಕೆ ಹೀಗಾಗಿದೆ, ನಿಮ್ಮ ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಟ್, ಅಂದರೆ ನೀರು ನುಗ್ಗಿ ಎಂಜಿನ್ ಕೆಟ್ಟರೆ ದುಡ್ಡು ಕೊಡುವ ಹೆಚ್ಚುವರಿ ರಕ್ಷಣೆ, ಇಲ್ಲ ಅಂದರು. ಆ ಪಾಲಿಸಿ ಮಾಡಿಸಿದ್ದು ಲೀಸ್ ಕಂಪನಿ. ನಾನು ಅದನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಕಾರು ಎರಡು ತಿಂಗಳು ವರ್ಕ್‌ಶಾಪ್‌ನಲ್ಲಿ ನಿಂತಿತು, ನಾನು ಆಟೋದಲ್ಲಿ ಓಡಾಡಿದೆ, ಬಾಡಿಗೆ ಮಾತ್ರ ಪ್ರತಿ ತಿಂಗಳೂ ಸಂಬಳದಲ್ಲಿ ಕಟ್ ಆಗುತ್ತಲೇ ಇತ್ತು. ಕೊನೆಗೆ ನಿನ್ನ ಚಿಕ್ಕಮ್ಮ ಚೀಟಿ ಎತ್ತಿ ದುಡ್ಡು ಕೊಟ್ಟಳು. ಆ ಚೀಟಿ ಅವಳು ಬೇರೆ ಯಾವುದಕ್ಕೋ ಕಟ್ಟುತ್ತಿದ್ದಳು, ಪುಟ್ಟಿ. ಅದು ನನಗೆ ಇವತ್ತಿಗೂ ಬೇಜಾರು.

ಆರ್‌ಸಿಯಲ್ಲಿ ನಿನ್ನ ಹೆಸರು ಇರುವುದಿಲ್ಲ, ಲೀಸ್ ಕಂಪನಿಯ ಹೆಸರು ಇರುತ್ತದೆ. ಕಾರು ಅವರದು. ಆದರೆ ಅಗ್ರಿಮೆಂಟ್ ಓದಿದರೆ ಗೊತ್ತಾಗುತ್ತದೆ, ವಾರಂಟಿಗೂ ಇನ್ಶೂರೆನ್ಸ್‌ಗೂ ಬರದ ಖರ್ಚೆಲ್ಲ ಸಾಮಾನ್ಯವಾಗಿ ಓಡಿಸುವವರ ತಲೆ ಮೇಲೇ ಹಾಕಿರುತ್ತಾರೆ. ಕಾರು ರಿಪೇರಿಗೆ ನಿಂತರೂ ಬಾಡಿಗೆ ನಿಲ್ಲುವುದಿಲ್ಲ ಅಂತಲೂ ಬರೆದಿರುತ್ತಾರೆ. ಸರ್ವೀಸ್ ಸೇರಿದ ಲೀಸ್ ಆದರೆ ಕೆಲವರು ಬದಲಿ ಕಾರು ಕೊಡುತ್ತಾರೆ. ಎಷ್ಟು ದಿನಕ್ಕೆ, ಯಾವ ಸಂದರ್ಭಕ್ಕೆ ಅಂತ ಕೇಳು. ಬಾಯಿಮಾತಲ್ಲಿ ಬೇಡ, ಮೇಲ್‌ನಲ್ಲಿ ಕೇಳು.

ಈಗ ಮುಖ್ಯ ವಿಷಯ. ನಿನ್ನ ಲೀಸ್ 48 ತಿಂಗಳು ಅಂದೆ. ವಾರಂಟಿ ಎಷ್ಟು ವರ್ಷ ಅಂತ ನೋಡಿದೆಯಾ? ಮಾರುತಿ ಮೊದಲು 2 ವರ್ಷ ಅಥವಾ 40,000 ಕಿ.ಮೀ. ಕೊಡುತ್ತಿತ್ತು, 2024ರ ಜುಲೈನಿಂದ ಅದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮಾಡಿದರು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ನೀನು ನೋಡಿಟ್ಟ ಕಾರಿಗೂ 3 ವರ್ಷವೇ ಇದ್ದರೆ ನಾಲ್ಕನೇ ವರ್ಷ ಪೂರ್ತಿ ವಾರಂಟಿ ಇಲ್ಲದೆ ಓಡಿಸಬೇಕು. ಏಸಿ ಕಂಪ್ರೆಸರ್, ಸ್ಟೀರಿಂಗ್, ಆಟೋಮ್ಯಾಟಿಕ್ ಗೇರಿನ ಭಾಗಗಳು ಆ ವರ್ಷ ಕೈಕೊಟ್ಟರೆ ಹತ್ತಾರು ಸಾವಿರ ನಿನ್ನ ಕೈಯಿಂದಲೇ ಹೋಗುತ್ತದೆ, ಅದೂ ನಿನ್ನದಲ್ಲದ ಕಾರಿಗೆ. ಅದಕ್ಕೇ ಒಂದೋ 36 ತಿಂಗಳ ಲೀಸ್ ಕೇಳು, ಇಲ್ಲವೇ ನಾಲ್ಕನೇ ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಈಗಲೇ ಬಾಡಿಗೆಯಲ್ಲಿ ಸೇರಿಸು ಅನ್ನು. ಆಮೇಲೆ ನೋಡೋಣ ಅಂದುಕೊಳ್ಳಬೇಡ. ಮೊದಲ ವಾರಂಟಿ ಮುಗಿದ ಮೇಲೆ ಅದನ್ನು ಮಾಡಿಸುವುದು ಕಷ್ಟ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಹೋಗಿ ಬಂದರೆ 70 ಕಿ.ಮೀ. ಮೇಲೆ ಆಗುತ್ತದೆ, ವರ್ಷಕ್ಕೆ ಆಫೀಸಿಗೇ 15,000 ಮೀರುತ್ತದೆ, ಊರಿಗೆ ಬರುವುದು ಬೇರೆ. ಲೀಸ್‌ನಲ್ಲಿ ಕಿ.ಮೀ. ಮಿತಿ ಇದೆಯಾ, ದಾಟಿದರೆ ಎಷ್ಟು ಕಟ್ಟಬೇಕು, ಅದನ್ನೂ ಇದೇ ಲೆಕ್ಕ ಇಟ್ಟುಕೊಂಡು ನೋಡು.

ವಾರಂಟಿ ಇರುವಾಗಲೂ ಎಲ್ಲ ಸಿಗುತ್ತದೆ ಅಂದುಕೊಳ್ಳಬೇಡ. ತಯಾರಿಕೆಯಲ್ಲೇ ತಪ್ಪಿದ್ದರೆ ಮಾತ್ರ ಅವರು ಮಾಡಿಕೊಡುವುದು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಸವೆಯುವ ಸಾಮಾನು, ಅದಕ್ಕೆ ಬರಲ್ಲ. ಟೈರ್, ಬ್ಯಾಟರಿಗೆ ಅವುಗಳನ್ನು ಮಾಡಿದ ಕಂಪನಿಯದೇ ಬೇರೆ ವಾರಂಟಿ. ಗುಂಡಿಗೆ ಬಿದ್ದು ಅಲಾಯ್ ವೀಲ್ ಬಾಗಿದರೆ ಇಲ್ಲ. ಇಲಿ ವೈರ್ ಕಡಿದರೆ ಅದೂ ಇಲ್ಲ, ನಿಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇಲಿ ಜಾಸ್ತಿ ಅಂತ ನೀನೇ ಹೇಳಿದ್ದೆ. ಇನ್ನೊಂದು, ಜೆ.ಸಿ. ರಸ್ತೆಗೆ ಹೋಗಿ ದೊಡ್ಡ ಹಾರ್ನ್, ಡ್ಯಾಶ್‌ಕ್ಯಾಮ್ ಹಾಕಿಸುವ ಆಸೆ ಇದ್ದರೆ ವೈರ್ ಕತ್ತರಿಸಲು ಬಿಡಬೇಡ. ಒಂದು ಕಡೆ ವೈರ್ ಕತ್ತರಿಸಿದ್ದು ಕಂಡರೆ ಸಾಕು, ಆಮೇಲೆ ಯಾವ ಎಲೆಕ್ಟ್ರಿಕಲ್ ತೊಂದರೆ ಬಂದರೂ ಅದನ್ನೇ ತೋರಿಸುತ್ತಾರೆ. ಕಾರು ಲೀಸ್ ಕಂಪನಿಯದಾದ್ದರಿಂದ ಅವರ ಒಪ್ಪಿಗೆಯೂ ಬೇಕು.

ಸರ್ವೀಸ್ ಒಂದನ್ನೂ ತಪ್ಪಿಸಬೇಡ. ಮನೆ ಹತ್ತಿರದ ಮೆಕ್ಯಾನಿಕ್ ಎಷ್ಟೇ ಒಳ್ಳೆಯವನಿರಲಿ, ವಾರಂಟಿ ಮುಗಿಯುವವರೆಗೆ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗು. ಅಲ್ಲಿ ಜಾಬ್ ಕಾರ್ಡ್, ಅಂದರೆ ನಿನ್ನ ದೂರು ಬರೆದುಕೊಳ್ಳುವ ಚೀಟಿ, ಬರೆಯುವಾಗ ಪಕ್ಕದಲ್ಲೇ ನಿಂತಿರು. ನೀನು "ಎಡಕ್ಕೆ ತಿರುಗಿಸುವಾಗ ಕಟಕಟ ಸದ್ದು" ಅಂತ ಹೇಳಿದರೆ ಅವರು ಸುಮ್ನೆ "ಜನರಲ್ ಚೆಕಪ್" ಅಂತ ಬರೆದುಬಿಡುತ್ತಾರೆ. ಒಪ್ಪಬೇಡ. ನೀನು ಹೇಳಿದ ಹಾಗೇ ಬರೆಸು, ಕಾಪಿ ತಗೋ, ಫೋಟೋ ಇಟ್ಟುಕೋ. ವಾರಂಟಿ ಮುಗಿಯಲು ಒಂದು ತಿಂಗಳು ಇರುವಾಗ ಒಂದು ಸಲ ಪೂರ್ತಿ ತೋರಿಸು. ಆ ತಾರೀಖಿನೊಳಗೆ ದೂರು ಬರೆಸಿದ್ದರೆ, ಅದೇ ತೊಂದರೆ ಆಮೇಲೆ ದೊಡ್ಡದಾದಾಗ ನಿನ್ನ ಕೈಯಲ್ಲಿ ಕಾಗದ ಇರುತ್ತದೆ. ಕಾಗದ ಇಲ್ಲದೆ ಕೌಂಟರ್ ಮುಂದೆ ನಿಂತವನು ನಾನು, ಆ ಕಷ್ಟ ನಿನಗೆ ಬೇಡ.

ಇನ್ಶೂರೆನ್ಸ್‌ನಲ್ಲಿ ಜೀರೋ ಡೆಪ್ (ಭಾಗ ಹಳತಾಯಿತು ಅಂತ ಕ್ಲೇಮ್ ದುಡ್ಡಲ್ಲಿ ಕಡಿತ ಮಾಡದ ರಕ್ಷಣೆ) ಇದೆಯಾ, ಎಂಜಿನ್ ಪ್ರೊಟೆಕ್ಟ್ ಇದೆಯಾ ನೋಡು. ಇಲ್ಲದಿದ್ದರೆ ಸೇರಿಸಿ ಅಂತ ಡೆಲಿವರಿಗೆ ಮುಂಚೆಯೇ ಹೇಳು. ರಿನ್ಯೂ ಆದಾಗಲೂ ನೋಡು, ಒಂದೊಂದು ವರ್ಷ ಅದು ಬಿಟ್ಟುಹೋಗುತ್ತದೆ. ಮತ್ತೆ ಕಾರು ನೀರಲ್ಲಿ ನಿಂತಿತು ಅಂದರೆ ಕೀ ಮುಟ್ಟಬೇಡ. ಫೋಟೋ ತೆಗೆ, ಇನ್ಶೂರೆನ್ಸ್‌ಗೂ ಲೀಸ್ ಕಂಪನಿಗೂ ಫೋನ್ ಮಾಡು, ಟೋ ಮಾಡಿಸು. ಆಫೀಸಿಗೆ ಒಂದು ದಿನ ತಡವಾದರೆ ಏನೂ ಆಗಲ್ಲ.

ನಡುವೆ ಕೆಲಸ ಬಿಟ್ಟರೆ ಏನು ಅನ್ನುವುದನ್ನೂ ಎಚ್‌ಆರ್‌ನವರನ್ನು ಕೇಳು. ಹೊಸ ಆಫೀಸಿನವರು ಲೀಸ್ ತಗೊಳ್ಳದಿದ್ದರೆ ಉಳಿದದ್ದನ್ನು ಒಟ್ಟಿಗೆ ಕಟ್ಟಿ ಮುಗಿಸಬೇಕಾಗಬಹುದು.

ನಾನು ಕಾರು ಬೇಡ ಅನ್ನುತ್ತಿಲ್ಲ ಕಣಮ್ಮ. ಆ ಟ್ರಾಫಿಕ್‌ನಲ್ಲಿ ರಾತ್ರಿ ಹೊತ್ತು ಕ್ಯಾಬ್‌ಗೆ ಕಾಯುವುದಕ್ಕಿಂತ ನಿನ್ನ ಕೈಯಲ್ಲಿ ಒಂದು ಕಾರು ಇದ್ದರೆ ನಿಮ್ಮಪ್ಪನಿಗೂ ನನಗೂ ನೆಮ್ಮದಿಯೇ. ಸಹಿ ಹಾಕುವುದಕ್ಕೆ ಮುಂಚೆ ಅಗ್ರಿಮೆಂಟಿನ ಎಲ್ಲ ಪುಟ ನನಗೆ ವಾಟ್ಸಾಪ್ ಮಾಡು, ಹಿಂದಿನ ಸಣ್ಣ ಅಕ್ಷರದ ಪುಟಗಳನ್ನೂ ಸೇರಿಸಿ. ವಾರಂಟಿ ಪುಸ್ತಕ ಡೀಲರ್ ಹತ್ತಿರ ಕೇಳಿದರೆ ಕೊಡುತ್ತಾರೆ, ಅದನ್ನೂ ತಾ. ಭಾನುವಾರ ಮೈಸೂರಿಗೆ ಬಂದರೆ ಇಬ್ಬರೂ ಕೂತು ಓದೋಣ. ಚಿಕ್ಕಮ್ಮ ಅಕ್ಕಿರೊಟ್ಟಿ ಮಾಡುತ್ತೇನೆ ಅಂದಿದ್ದಾಳೆ.

ನಿನ್ನ
ಚಿಕ್ಕಪ್ಪ