ಸಂಗೀತ ಕಲಿಯುವ ಮಕ್ಕಳು ಗಡಿಯಾಚೆಯ ಮನೆಗಳಲ್ಲಿ ತಂಗಿ ಬರಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಕ್ಕಳ ಸಂಗೀತ ಸ್ಪರ್ಧೆಗಳ ಫಲಿತಾಂಶ ಪ್ರಕಟವಾದಾಗಲೆಲ್ಲ ಅದನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸುವವಳು ನಾನು. ಶಿರಸಿಯಲ್ಲಿ ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತಿದ್ದೇನೆ. ಬಹುಮಾನ ಬಂದ ಮಗುವಿನ ಮುಖ ಅರಳುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ನಮ್ಮ ಮಕ್ಕಳು ಬೇರೆ ಊರಿನ ಮಕ್ಕಳ ಸಂಗೀತವನ್ನು ಕೇಳುವ ಸಂದರ್ಭವೆಂದರೆ ಆ ಸ್ಪರ್ಧೆಯೊಂದೇ ಎಂಬಂತಾಗಿರುವುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಅಲ್ಲಿಯೂ ತನ್ನ ಸರದಿ ಮುಗಿದ ಕೂಡಲೇ ಮಗು ಅಪ್ಪನ ಜೊತೆ ಬಸ್ಸು ಹಿಡಿಯುತ್ತದೆ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು ಅವರ ಊರಿನ ಯುವ ವಾದ್ಯವೃಂದದಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಆ ಊರಿಗೂ ಫ್ರಾನ್ಸಿನ ಒಂದು ಊರಿಗೂ ದಶಕಗಳ ನಂಟಿದ್ದು, ಒಂದು ವರ್ಷ ಇಂಗ್ಲೆಂಡಿನ ಮಕ್ಕಳು ಫ್ರಾನ್ಸಿಗೆ ಹೋದರೆ ಮರುವರ್ಷ ಅಲ್ಲಿಯವರು ಇಂಗ್ಲೆಂಡಿಗೆ ಬರುತ್ತಾರೆ. ಇಂಥ ಜೋಡಿ ಊರುಗಳ ಪದ್ಧತಿ ಯುರೋಪಿನಲ್ಲಿ ಗಟ್ಟಿಯಾಗಿ ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ. ಇಂಗ್ಲೆಂಡಿನ ಯಾರ್ಕ್ ಮತ್ತು ಫ್ರಾನ್ಸಿನ ದಿಜೋನ್ 1953ರಲ್ಲಿ ಜೋಡಿಯಾದವು. ಹಾಗೆಯೇ ಕ್ಯಾಂಟರ್‌ಬರಿ ಮತ್ತು ರೀಮ್ಸ್ 1962ರಲ್ಲಿ. ಇವುಗಳಲ್ಲಿ ರೀಮ್ಸಿನ ಮಹಾ ಚರ್ಚು 1914ರಲ್ಲಿ ಫಿರಂಗಿ ದಾಳಿಗೆ ಹೊತ್ತಿ ಉರಿದಿತ್ತು, ಕ್ಯಾಂಟರ್‌ಬರಿಯ ಪೇಟೆ 1942ರಲ್ಲಿ ಬಾಂಬಿಗೆ ಸಿಕ್ಕಿತ್ತು. ಯುದ್ಧ ಉಂಡ ಊರುಗಳ ಹಿರಿಯರು ತಮ್ಮ ಮಕ್ಕಳನ್ನು ಪರದೇಶದ ಮನೆಗೆ ಕಳಿಸಿ, ಪರದೇಶದ ಮಕ್ಕಳಿಗೆ ತಮ್ಮ ಮನೆಯಲ್ಲಿ ಹಾಸಿಗೆ ಹಾಸಿದರು ಎಂಬುದನ್ನು ನೆನೆದರೆ ಗೌರವ ಮೂಡುತ್ತದೆ.

ತಂಗಿಯ ಮನೆಗೆ ಬಂದು ಉಳಿದಿದ್ದ ಫ್ರೆಂಚ್ ಹುಡುಗಿ ಕೊಳಲು ನುಡಿಸುವವಳು. ಮೊದಲ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಒಂದೇ ಹಾಳೆಯನ್ನು ಇಟ್ಟುಕೊಂಡು ಇಬ್ಬರೂ ನುಡಿಸಲು ಕೂತರಂತೆ. ಆ ಹುಡುಗಿ ಮೊದಲ ಸ್ವರಕ್ಕೆ ‘ದೊ’ ಎಂದಳು, ನಮ್ಮವಳು ‘ಸಿ’ ಎಂದಳು. ಎರಡೂ ಒಂದೇ ಸ್ವರದ ಹೆಸರು. ಆದರೆ ನುಡಿಸಿದಾಗ ಎರಡು ಬೇರೆ ಸ್ವರಗಳು ಹೊರಟವು, ಏಕೆಂದರೆ ಸಾಮಾನ್ಯವಾಗಿ ಬಳಸುವ ಕ್ಲಾರಿನೆಟ್ಟಿನಲ್ಲಿ ಹಾಳೆಯ ಮೇಲಿನ ಸ್ವರ ಒಂದು ಮೆಟ್ಟಿಲು ಕೆಳಗೆ ಕೇಳಿಸುತ್ತದೆ. ಇದನ್ನು ವಿವರಿಸುವಷ್ಟು ಇಂಗ್ಲಿಷ್ ಅವಳಿಗೂ ಫ್ರೆಂಚ್ ಇವಳಿಗೂ ಬರುತ್ತಿರಲಿಲ್ಲ. ಊಟ ತಣ್ಣಗಾಗುವವರೆಗೆ ನುಡಿಸಿ ನುಡಿಸಿ, ಕಡೆಗೆ ನಮ್ಮವಳು ಪ್ರತಿ ಸ್ವರವನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿಕೊಂಡಳು. ತಂಗಿ ಫೋನಿನಲ್ಲಿ ಇದನ್ನು ಹೇಳುತ್ತಿದ್ದಾಗ ನನಗೆ ನಮ್ಮ ಷಡ್ಜ ನೆನಪಾಯಿತು. ಹಾರ್ಮೋನಿಯಮ್ಮಿನ ಕಪ್ಪು ಒಂದನೆಯ ಮನೆಗೂ ‘ಸಾ’ ಎನ್ನುವ, ಬಿಳಿ ನಾಲ್ಕನೆಯ ಮನೆಗೂ ‘ಸಾ’ ಎನ್ನುವ ನನ್ನ ಶಿಷ್ಯರು ಆ ಮೇಜಿನ ಬಳಿ ಇರಬೇಕಿತ್ತು ಎಂದು ಮನಸ್ಸು ಹಂಬಲಿಸಿತು.

ಅಲ್ಲಿಯೂ ಇದು ಸಲೀಸಾಗಿ ನಡೆದುಕೊಂಡು ಬಂದಿಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ, 2021ರ ಅಕ್ಟೋಬರಿನಿಂದ ಫ್ರಾನ್ಸಿನ ಮಕ್ಕಳಿಗೆ ಬರೀ ಗುರುತಿನ ಚೀಟಿ ಸಾಲದೆ ಪಾಸ್‌ಪೋರ್ಟ್ ಬೇಕಾಯಿತು. 2023ರ ಡಿಸೆಂಬರಿನಲ್ಲಿ ಶಾಲಾ ಗುಂಪುಗಳಿಗೆ ಆ ನಿಯಮವನ್ನು ಸಡಿಲಿಸಲಾಯಿತು. ಫ್ರಾನ್ಸಿನಲ್ಲಿ ವಸಂತದ ರಜೆಯನ್ನು ಮೂರು ವಲಯಗಳಿಗೆ ಬೇರೆ ಬೇರೆ ದಿನಗಳಲ್ಲಿ ಕೊಡುವುದರಿಂದ ಎರಡೂ ಊರುಗಳ ರಜೆ ಹೊಂದುವುದೂ ಕಷ್ಟ.

ನಮಗೆ ಇಂಗ್ಲಿಷ್ ಕಾಲುವೆಯನ್ನು ದಾಟುವ ಅಗತ್ಯವಿಲ್ಲ. ಕಾರವಾರದಲ್ಲಿ ಕಾಳಿ ನದಿ ದಾಟಿ ಮುಂದೆ ಹೋದರೆ ಗೋವಾ. ಕೊಂಕಣ ರೈಲಿನಲ್ಲಿ ಮಡಗಾಂವ್ ತಲುಪಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಿಂದ ಬಂದ ರೂಢಿಯಿಂದಾಗಿ ಅಲ್ಲಿ ಸ್ವರಲಿಪಿ ಓದಿ ಪಿಟೀಲು ನುಡಿಸುವ ಮಕ್ಕಳಿದ್ದಾರೆ. ನಮ್ಮಲ್ಲಿ ಘಟ್ಟದ ಮೇಲೆ ಖಯಾಲ್ ಹಾಡುವ, ಹೊನ್ನಾವರದ ಕಡೆ ಯಕ್ಷಗಾನದ ಮದ್ದಳೆ ಕಲಿಯುವ ಮಕ್ಕಳಿದ್ದಾರೆ. ಇವರಿಬ್ಬರ ನಡುವೆ ಆಗಲೇ ಒಂದು ವಾದ್ಯದ ನಂಟಿದೆ. ಮಡಕೆಯ ಬಾಯಿಗೆ ಚರ್ಮ ಬಿಗಿದು ಮಾಡುವ, ಗೋವಾ ಸರ್ಕಾರ 2019ರಲ್ಲಿ ಪಾರಂಪರಿಕ ವಾದ್ಯವೆಂದು ಘೋಷಿಸಿದ ಘುಮಟ್ ಬೇರೆಯಲ್ಲ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಗುಮಟೆ ಬೇರೆಯಲ್ಲ. ಅಲ್ಲಿ ಅದು ಮಾಂಡೊ ಹಾಡಿಗೆ ಪಿಟೀಲಿನ ಜೊತೆ ಕೂರುತ್ತದೆ, ಇಲ್ಲಿ ಸುಗ್ಗಿಗೆ.

ಹೋದ ಮಳೆಗಾಲದಲ್ಲಿ ಅಂಕೋಲೆ ಕಡೆಯ ಹುಡುಗನೊಬ್ಬ ನನ್ನ ತರಗತಿಗೆ ಗುಮಟೆ ತಂದಿದ್ದ. ಘಟ್ಟ ಹತ್ತುವಷ್ಟರಲ್ಲಿ ಚರ್ಮ ತೇವಕ್ಕೆ ಸಡಿಲಾಗಿ ದನಿಯೇ ಸತ್ತುಹೋಗಿತ್ತು. ನಮ್ಮ ಬಚ್ಚಲೊಲೆಯ ಮುಂದೆ ಕೂತು, ಮಡಕೆಯನ್ನು ಮಗುವಿನಂತೆ ತಿರುಗಿಸಿ ತಿರುಗಿಸಿ ಕಾಯಿಸಿದ. ಆಮೇಲೆ ಬಲಗೈಯಲ್ಲಿ ಬಾರಿಸುತ್ತ, ಹಿಂದಿನ ಸಣ್ಣ ಬಾಯಿಯನ್ನು ಎಡಗೈಯಿಂದ ಮುಚ್ಚಿ ತೆರೆದು ದನಿಯನ್ನು ಉಬ್ಬಿಸಿದ, ಇಳಿಸಿದ. ನನ್ನ ಮಕ್ಕಳು ಅಂಥದ್ದನ್ನು ಹಿಂದೆ ಕೇಳಿರಲಿಲ್ಲ. ಹಾಲಕ್ಕಿ ಹಾಡುಗಳ ಭಂಡಾರವೇ ಆಗಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡಾಗ, ಇದೇ ಜಿಲ್ಲೆಯಲ್ಲಿದ್ದೂ ಅವರೆದುರು ಕೂತು ಒಂದು ಹಾಡು ಕೇಳಿದ ಮಗು ನನ್ನ ತರಗತಿಯಲ್ಲಿ ಒಂದೂ ಇರಲಿಲ್ಲ. ಆ ತಪ್ಪು ನನ್ನದು. ಕರೆದುಕೊಂಡು ಹೋಗಬೇಕಾಗಿದ್ದವಳು ನಾನು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಮ್ಮ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಪಣಜಿಯ ಕಲಾ ಅಕಾಡೆಮಿಯೊಂದಿಗೆ ಮಾತನಾಡಿ, ವರ್ಷಕ್ಕೊಮ್ಮೆ ಹತ್ತು ಹನ್ನೆರಡು ಮಕ್ಕಳು ಐದು ದಿನ ಗಡಿಯಾಚೆ ಇದ್ದು ಬರುವ ಏರ್ಪಾಡನ್ನು ಮಾಡಬೇಕು. ಅದರಲ್ಲಿ ಬಹುಮಾನ, ತೀರ್ಪುಗಾರರು, ಪ್ರಮಾಣಪತ್ರ ಯಾವುದೂ ಬೇಡ. ಮಕ್ಕಳು ಹಾಸ್ಟೆಲಿನಲ್ಲಿ ಉಳಿಯದೆ ಮನೆಗಳಲ್ಲಿ ಉಳಿಯಬೇಕು. ವಸತಿಯ ವೆಚ್ಚ ಉಳಿಯುವುದೂ, ನಂಟು ಬೆಳೆಯುವುದೂ ಅದರಿಂದಲೇ. ದಸರಾಕ್ಕೆ ರಜೆ ಇರುವ ನಮ್ಮ ಶಾಲೆಗಳೂ ದೀಪಾವಳಿಗೆ ರಜೆ ಕೊಡುವ ಅಲ್ಲಿನ ಶಾಲೆಗಳೂ ಹೊಂದದಿದ್ದರೆ, ಬಂದ ಮಕ್ಕಳು ಆತಿಥೇಯ ಮಗುವಿನ ಜೊತೆ ಶಾಲೆಗೇ ಹೋಗಿ ಕೂರಲಿ.

ಹೆಣ್ಣುಮಗುವನ್ನು ಗುರುತಿಲ್ಲದ ಮನೆಗೆ ಹೇಗೆ ಕಳಿಸುವುದು ಎಂದು ತಾಯಂದಿರು ಕೇಳುತ್ತಾರೆ, ಕೇಳಲೇಬೇಕು. ಆತಿಥ್ಯ ಕೊಡುವ ಮನೆಯ ಹಿರಿಯರೆಲ್ಲರ ಹಿನ್ನೆಲೆಯನ್ನು ಪೊಲೀಸರ ಮೂಲಕ ಪರಿಶೀಲಿಸಬೇಕು, ಇಬ್ಬಿಬ್ಬರು ಮಕ್ಕಳನ್ನು ಒಟ್ಟಿಗೆ ಇರಿಸಬೇಕು, ಶಿಕ್ಷಕಿಯೊಬ್ಬರು ದಿನವೂ ಪ್ರತಿ ಮನೆಗೆ ಹೋಗಿ ಬರಬೇಕು. ಇನ್ನೊಂದು ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೀನು ಬೇಯಿಸುವ ಮನೆ, ಬೇಯಿಸದ ಮನೆ. ನಮ್ಮವರ ಮನೆ, ಬೇರೆಯವರ ಮನೆ. ಮಗು ಏನು ಉಣ್ಣುತ್ತದೆ ಎಂದು ಕೇಳಿ ಅದನ್ನು ಬಡಿಸುವುದು ಯಾವ ಗೃಹಿಣಿಗೂ ಕಷ್ಟವಲ್ಲ. ಆದರೆ ಜಾತಿ ನೋಡಿ ಮನೆ ಹಂಚುವುದಾದರೆ ಈ ಕೆಲಸವನ್ನು ಆರಂಭಿಸುವುದೇ ಬೇಡ. ಯುದ್ಧ ಕಂಡವರು ಪರದೇಶದ ಮಕ್ಕಳಿಗೆ ಬಾಗಿಲು ತೆರೆದಿರುವಾಗ, ಹಾಲಕ್ಕಿ ಕೇರಿಯ ಹುಡುಗನಿಗೂ ಮಡಗಾಂವಿನ ಕ್ರೈಸ್ತ ಹುಡುಗಿಗೂ ನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಲು ನಮಗೇನು ಅಡ್ಡಿ?

ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಇಬ್ಬರು ಮಲಗಬಹುದು. ಮೊದಲ ವರ್ಷ ಬರುವ ಮಕ್ಕಳಿಗಾಗಿ ಅದನ್ನು ಈಗಲೇ ತೆರವು ಮಾಡಿಡುತ್ತೇನೆ. ಶಿರಸಿಯ ಮಳೆಗಾಲದ ತೇವ ಪಿಟೀಲಿಗೆ ಆಗದು, ಆದ್ದರಿಂದ ಅವರನ್ನು ಡಿಸೆಂಬರಿನಲ್ಲಿ ಕಳಿಸಿದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಓರ್ವ ಸಂಗೀತ ಶಿಕ್ಷಕಿ, ಶಿರಸಿ